ಹಂಗಾಮಿ ಕಾರಕೂನ ಮತ್ತು ಆಟದ ಮಂದಿ

ಸರಕಾರದ ಸಹಾಯಧನ ಒಂದು ಕಡೆ, ಹಾಡುವ ಕುಣಿಯುವ ಮಂದಿ ಇನ್ನೊಂದು ಕಡೆ ಇರುವಷ್ಟು ದಿನ ಯಾರಿಗೂ ಏನೂ ಆಗುವುದಿಲ್ಲ. ಇವೆರಡೂ ಒಂದೇ ಟೇಬಲ್ಲಿನ ಮೇಲೆ ಕೂಡಿದವೋ, ಏನಾದರೊಂದು ಆಗಿಯೇ ತೀರುತ್ತದೆ. ಆ ಟೇಬಲ್ಲು ನನ್ನದಾಗಿತ್ತು.

ನಮ್ಮ ಭಾಗ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನು ಬಾದಾಮಿಯವನು. ಅಜ್ಜ ಶಾಸ್ತ್ರ ಓದಿದವರು, ಅಪ್ಪ ಸಾಲಿ ಮಾಸ್ತರರು, ನಾನು ಮ್ಯಾಟ್ರಿಕ್ ಮುಗಿಸಿ ಹುನಗುಂದದ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ಯಾವ ಕಚೇರಿ ಅಂತ ಕೇಳಬೇಡಿರಿ, ಹೇಳಲು ಈಗಲೂ ಧೈರ್ಯವಿಲ್ಲ. ಕಾರಕೂನ ಅನ್ನುವ ಮಾತಿನ ಹಿಂದೆ ಇನ್ನೊಂದು ಸಣ್ಣ ಮಾತಿತ್ತು: ಹಂಗಾಮಿ. ಬೇಡ ಅನಿಸಿದ ದಿನ "ನಾಳೆಯಿಂದ ಬರಬೇಡಪಾ" ಅಂದರೆ ಮುಗಿಯಿತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೆರೂರಿನಿಂದ ಮಾವನವರು ಬರೆಯುವ ಪ್ರತಿ ಪತ್ರದಲ್ಲೂ ಮಗಳ ಕ್ಷೇಮ ಕೇಳುವುದಕ್ಕಿಂತ ಮೊದಲು "ಕಾಯಂ ಆತೇನು?" ಅಂತ ಇರುತ್ತಿತ್ತು. ಹೀಗಾಗಿ ಸಾಹೇಬರ ಕೋಣೆಯಲ್ಲಿ ಗಂಟೆ ಬಾರಿಸಿದರೆ ಸಿಪಾಯಿ ಏಳುವ ಮೊದಲು ನಾನು ಎದ್ದು ನಿಲ್ಲುತ್ತಿದ್ದೆ.

ಸಾಹೇಬರು ಮೈಸೂರು ಕಡೆಯವರು, ಭಾಳ ಮೃದು ಮನುಷ್ಯ. ಬಂದ ಮೊದಲ ದಿನ ಸಿಪಾಯಿಗೆ "ದಯವಿಟ್ಟು ಸ್ವಲ್ಪ ನೀರು ತಂದುಕೊಡ್ತೀರಾ?" ಅಂದರು. ಸಿಪಾಯಿ ಹೊರಗೆ ಬಂದು ಬೆವರು ಒರೆಸಿಕೊಂಡು ನನ್ನನ್ನು ಕೇಳಿದ, "ಸಾಹೇಬ್ರು ನನ್ನ ಮ್ಯಾಲೆ ಯಾಕ ಸಿಟ್ಟಿಗೆದ್ದಾರ್ರೀ?" ನಾನು ಸಾಹೇಬರಿಗೆ ಹೆದರುತ್ತಿದ್ದೆ, ಸಾಹೇಬರು ಮೇಲಿನ ಕಚೇರಿಗೆ ಹೆದರುತ್ತಿದ್ದರು. ಯಾರಿಗೂ ಹೆದರದವರು ಅಂದರೆ ನಮ್ಮ ಹೆಡ್ ಕ್ಲಾರ್ಕ್ ರಾಯರು. ಮುಂಬಯಿ ಕಾಲದಿಂದ ಇದ್ದವರು, ದಪ್ಪ ಮೀಸೆ, ಬಾಯಿ ತೆಗೆದರೆ ರೂಲು.

ಹಳ್ಳಿಯ ಕಲಾ ಮಂಡಳಿಗಳಿಗೆ ಸರಕಾರ ಸಹಾಯ ಮಾಡುತ್ತದೆ, ಅರ್ಜಿ ಕರೆಯಿರಿ ಅನ್ನುವ ಸುತ್ತೋಲೆ ಬಂದಾಗ ರಾಯರು ಅದನ್ನು ಎರಡು ಬೆರಳಿನಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು. "ತಗೋ ತಮ್ಮಾ. ಇದು ನಿನ್ನ ಟೇಬಲ್ಲಿಗೆ ಶೋಭಾ ಕೊಡತದ."

ಯಾರು ಗೆದ್ದರು?

ಮೊದಲ ಅರ್ಜಿ ಗುಡೂರಿನ ಮೇಳದ್ದು. ತಂದವನು ಊರವರಿಗೆ ಆಟ ಕಲಿಸುವವನು. ಎಲ್ಲರೂ ಅವನನ್ನು ಆಟದ ಮಾಸ್ತರ ಅನ್ನುತ್ತಿದ್ದರು. ಎತ್ತರದ ಆಳು, ರಾಜನ ಪಾತ್ರ ಮಾಡಿ ಮಾಡಿ ನಡಿಗೆಯೇ ಹಾಗಾಗಿತ್ತು. ಕಚೇರಿಯ ಬಾಗಿಲು ದಾಟುವಾಗ ಇಲ್ಲದ ಕಿರೀಟ ಬಡಿದೀತು ಅಂತ ತಲೆ ಬಗ್ಗಿಸುತ್ತಿದ್ದ. ಅರ್ಜಿಯಲ್ಲಿ ಹೀಗೆ ಬರೆಸಿದ್ದ: "ನಮ್ಮೂರಾಗ ಹಿರ್ಯಾರ ಕಾಲದಿಂದ ಸಣ್ಣಾಟ ಆಡಕೋತ ಬಂದೇವಿ. ಆಟದ ಸಾಮಾನು ಹರದು ಚಿಂದಿ ಆಗ್ಯಾವ. ಸರಕಾರ ಹೊಸಾ ಆಟದ ಸಾಮಾನು ಕೊಡಸಬೇಕು."

ಸಣ್ಣಾಟ ಅಂದರೆ ನಮ್ಮ ಕಡೆಯ ಹಾಡು, ಮಾತು, ಕುಣಿತ ಕೂಡಿದ ನಾಟಕ. ಇದು ಹುನಗುಂದದಲ್ಲಿ ಕೂಸಿಗೂ ಗೊತ್ತು. ಆದರೆ ಮೇಲಿನ ಕಚೇರಿಗೆ ಕಾಗದ ಇಂಗ್ಲಿಷಿನಲ್ಲಿ ಹೋಗಬೇಕು. ರಾಯರು ಹೇಳುತ್ತ ಹೋದರು, ನಾನು ಟೈಪು ಬಡಿಯುತ್ತ ಹೋದೆ.

"ಸಣ್ಣ ಅಂದ್ರ ಸ್ಮಾಲ್. ಆಟ ಅಂದ್ರ ಗೇಮ್. ಬಡಿ."

"ರಾಯರ, ಅದು ನಾಟಕರೀ..."

"ಅರ್ಜಿಯೊಳಗ ನಾಟಕ ಅಂತ ಎಲ್ಲೆ ಅದ, ತೋರಸು. ಅರ್ಜಿಯೊಳಗ ಇಲ್ಲದ್ದನ್ನ ನಾವು ಸೇರಿಸಿದರ ಅದಕ್ಕ ಫೋರ್ಜರಿ ಅಂತಾರ."

ಫೋರ್ಜರಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನ್ನ ಬೆರಳು ತಾವೇ ಬಡಿದವು.

ಮಂಜೂರಾಗಿ ಒಂದು ಟ್ರಂಕು ಬಂತು. ಗುಡೂರಿನವರು ಚಕ್ಕಡಿಗೆ ಮಾವಿನ ತೋರಣ ಕಟ್ಟಿಕೊಂಡು, ಹಲಗೆ ಬಾರಿಸುತ್ತ ಒಯ್ಯಲು ಬಂದರು. ಎಲ್ಲರ ಎದುರಿಗೇ ಟ್ರಂಕು ತೆರೆದರೆ ಒಳಗೆ ಒಂದು ವಾಲಿಬಾಲು, ಒಂದು ಬಲೆ, ಒಂದು ಸೀಟಿ.

ಹಲಗೆ ನಿಂತಿತು. ಮಾಸ್ತರ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ತಿರುವಿ ತಿರುವಿ ನೋಡಿದ.

"ರಾಯರ, ನಾವು ಕಿರೀಟ ಕೇಳಿದ್ವಿ," ಅಂದ. "ಇವ್ರು ತಲೀನ ಕಳಿಸ್ಯಾರಲ್ರೀ."

ನನಗೆ ನಗು ಬರಲಿಲ್ಲ. ವಾಪಸು ಕಳಿಸಿದರೆ ತಪ್ಪು ಯಾರದು ಅಂತ ಕೇಳುತ್ತಾರೆ. ಕಾಗದದ ಕೆಳಗೆ ಟೈಪು ಮಾಡಿದವನ ಸಣ್ಣ ಸಹಿ ಇರುತ್ತದೆ. ಮಾಸ್ತರನನ್ನು ಗೋಡೆಯ ಮರೆಗೆ ಕರೆದು ಕೈ ಮುಗಿದೆ. ಅವನು ನನ್ನ ಮುಖ ನೋಡಿ, "ಚಿಂತಿ ಬ್ಯಾಡ್ರಿ. ಹೆಂಗರ ಹೊಂದಿಸ್ಕೋತೇವಿ," ಅಂತ ಟ್ರಂಕು ಹೊರಿಸಿಕೊಂಡು ಹೋದ.

ಹೊಂದಿಸಿಕೊಂಡರು ಕೂಡ. ಕೃಷ್ಣ ಹೊಳೆಯ ದಂಡೆಗೆ ಚೆಂಡಾಡಿದ ಕಥೆ ಕಟ್ಟಿದರು. ಬಲೆಯೊಳಗೆ ಹುಲ್ಲು ತುಂಬಿ ಸುತ್ತಿ ಕಾಳಿಂಗ ಸರ್ಪ ಮಾಡಿದರು. ಸೀಟಿಯನ್ನು ಸರ್ಪದ ಬಾಯಲ್ಲಿಟ್ಟು ಬುಸುಗುಡಿಸಿದರು. ಅಂತೂ ನಾನು ಬದುಕಿದೆ ಅನ್ನುವಷ್ಟರಲ್ಲಿ ಮೇಲಿನಿಂದ ಒಂದು ಫಾರ್ಮು ಬಂತು. ಸಾಮಾನು ಉಪಯೋಗವಾಗಿದೆಯೇ? ಎದುರಾಳಿ ತಂಡ ಯಾವುದು? ಯಾರು ಗೆದ್ದರು?

ಫಾರ್ಮು ಹಿಡಿದು ಬಸ್ಸು ಹತ್ತಿ ಗುಡೂರಿಗೇ ಹೋದೆ. ಮಾಸ್ತರ ಹೊಲದಲ್ಲಿದ್ದ. ಓದಿ ಹೇಳಿದೆ. "ಇದರಾಗ ಅಂಜೂದೇನೈತ್ರಿ?" ಅಂದ. "ಇದ್ದದ್ದನ್ನ ಬರೀರಿ. ಎದುರಾಳಿ ಕಾಳಿಂಗ. ಗೆದ್ದಾವ ಕೃಷ್ಣ."

ಹಾಗೇ ಬರೆದೆ. ಉತ್ತರ ಬರುವ ತನಕ ನನಗೆ ಊಟ ಸೇರಲಿಲ್ಲ. ಕಡೆಗೆ ಬಂತು: "ಕೃಷ್ಣ ತಂಡಕ್ಕೆ ಅಭಿನಂದನೆಗಳು. ಕಾಳಿಂಗ ತಂಡದವರು ಅರ್ಜಿ ಸಲ್ಲಿಸಿದಲ್ಲಿ ಅವರಿಗೂ ಒಂದು ಚೆಂಡನ್ನು ಒದಗಿಸಲಾಗುವುದು."

ಹಿಟ್ಟು ಯಾರದು?

ಇದಾದ ಮೇಲೆ ಸಾಹೇಬರು ಹುಷಾರಾದರು. "ನೋಡಿ, ಇನ್ನು ಮುಂದೆ ಅರ್ಜಿದಾರರ ಕಲೆ ಯಾವುದು ಅಂತ ಖಾತ್ರಿ ಮಾಡ್ಕೊಳ್ಳಿ. ಹಾಡಾದರೆ ಹಾಡು ಬರಹದಲ್ಲಿರಬೇಕು," ಅಂದರು.

ಐಹೊಳೆಯಿಂದ ಒಬ್ಬ ಮುದುಕಿ ಬಂದಳು. ಅವಳ ಹಿಂದೆ ಅವಳೂರಿನ ಹೆಣ್ಣುಮಕ್ಕಳು. ಬೀಸುವ ಹಾಡಿನ ಮಂಡಳಿ ಕಟ್ಟಿದ್ದಾರೆ, ಕೂತು ಹಾಡಲು ಒಂದು ದೊಡ್ಡ ಜಮಖಾನೆ, ಒಂದು ಗ್ಯಾಸಿನ ಬತ್ತಿ ಬೇಕು, ಇಷ್ಟೇ.

"ಅಜ್ಜಿ, ಹಾಡು ಬರದು ತಂದೀಯೇನು?" ಅಂದೆ.

"ಬರ್ಯಾಕ ಅದೇನು ಸಾಲಪತ್ರ ಐತೇನ್ ಯಪ್ಪಾ? ಬಾಯಾಗ ಐತಿ."

"ಹಂಗಾರ ಇಲ್ಲೇ ಹಾಡು, ನಾ ಬರಕೋತೇನಿ."

ಮುದುಕಿ ಬಾಯಿ ತೆಗೆದಳು, ಮುಚ್ಚಿದಳು. ಮತ್ತೆ ತೆಗೆದಳು. "ಊಹೂಂ. ಕೈಯಾಗ ಬೀಸೂಕಲ್ಲಿನ ಗೂಟ ಇಲ್ದ ಹಾಡು ಬರವಲ್ದು," ಅಂದಳು. ಜೊತೆಗೆ ಬಂದ ಹೆಣ್ಣುಮಕ್ಕಳು ಎದ್ದು ಹೋಗಿ ಪಕ್ಕದ ಮನೆಯಿಂದ ಬೀಸುವ ಕಲ್ಲನ್ನೇ ಹೊತ್ತು ತಂದರು. ಕಚೇರಿಯ ನಡುವೆ ಧಡ್ಡನೆ ಇಟ್ಟರು. ಉಡಿಯೊಳಗಿಂದ ಜೋಳ ಬಂತು. ಎದುರಿಗೆ ಕೂತು ಜೊತೆಗೆ ಗೂಟ ಹಿಡಿಯುವ ಕೈ ಒಂದು ಬೇಕು, ನಮ್ಮವರು ಹಿಡಿದರೆ ಅವರೂ ಹಾಡುತ್ತಾರೆ, ಹಾಡು ಕಲಸುಮೇಲೋಗರವಾಗುತ್ತದೆ, ಬರೆದುಕೊಳ್ಳಲು ನಿನಗೆ ತಿಳಿಯುವುದಿಲ್ಲ ಅಂದಳು ಮುದುಕಿ. ನಾನು ಬರೆಯಬೇಕು. ಸಿಪಾಯಿ ಟಪಾಲಿಗೆ ಹೋಗಿದ್ದ. ಎಲ್ಲರೂ ರಾಯರ ಕಡೆ ನೋಡಿದರು.

"ರೂಲಿನೊಳಗ..." ಅಂದರು ರಾಯರು.

"ಬಾರೋ ಎಪ್ಪಾ, ಮೀಸಿ ಸವೆಯೂದಿಲ್ಲ," ಅಂದಳು ಮುದುಕಿ.

ಆ ದನಿಯಲ್ಲಿ ಏನಿತ್ತೋ, ರಾಯರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಕೂತರು. ಕಲ್ಲು ತಿರುಗಿತು, ಹಾಡು ಬಂತು. ತವರಿನ ಹಾಡು, ಅಣ್ಣನ ಹಾಡು, ಅತ್ತೆಯ ಹಾಡು. ನಾನು ಕಾರ್ಬನ್ನು ಇಟ್ಟು ಬರೆಯುತ್ತ ಹೋದೆ. ರಾಯರ ಮೀಸೆಯ ಮೇಲೆ ಹಿಟ್ಟು ಕೂತು ಅವರು ತಮ್ಮ ಅಪ್ಪನಂತೆ ಕಾಣತೊಡಗಿದರು. ಮುದುಕಿ ಅವರನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ ಹೊಸ ಹಾಡೊಂದನ್ನು ಅಲ್ಲೇ ಕಟ್ಟಿದಳು:

ಕಾಗದ ಹಿಡಕೊಂಡು ಕಚೇರಿಗಿ ಬಂದೇನ
ಮೀಸಿಯ ಅಣ್ಣ ಬೀಸ್ಯಾನ | ಹಿಟ್ಟಿಗಿ
ಸರಕಾರ ಮೊಹರ ಒತ್ಯಾದ

ಇದನ್ನು ಬರೆಯಲೋ ಬಿಡಲೋ ಅಂತ ನಾನು ಪೆನ್ನು ಎತ್ತಿ ಹಿಡಿದಾಗಲೇ ಸಾಹೇಬರು ಬಾಗಿಲಿಗೆ ಬಂದು ನಿಂತರು. ಕಲ್ಲು ನಿಂತಿತು. ಇವತ್ತಿಗೆ ನೌಕರಿ ಮುಗಿಯಿತು ಅಂದುಕೊಂಡೆ.

"ಏನ್ರೀ ಇದು?" ಅಂದರು ಸಾಹೇಬರು.

ರಾಯರು ಬೆಳ್ಳಗಿನ ಮೀಸೆ ಹೊತ್ತು ಎದ್ದು ನಿಂತರು. "ಸಾಹೇಬ್ರ, ಅರ್ಜಿ ಪರಿಶೀಲನಾ ನಡದದರೀ."

ಸಾಹೇಬರು ಕಲ್ಲನ್ನು ನೋಡಿದರು, ಹಿಟ್ಟನ್ನು ನೋಡಿದರು, ನಮ್ಮ ಮುಖ ನೋಡಿದರು. ಒಳಗೆ ಹೋದರು. ಆಮೇಲೆ ನನ್ನನ್ನು ಕರೆದು ಕೇಳಿದ್ದು ಒಂದೇ ಮಾತು. ಕಚೇರಿಯ ವೇಳೆಯಲ್ಲಿ, ಕಚೇರಿಯ ಜಾಗದಲ್ಲಿ, ಕಚೇರಿಯ ಸಿಬ್ಬಂದಿ ಬೀಸಿದ ಆ ಹಿಟ್ಟು ನಿಯಮದ ಪ್ರಕಾರ ಯಾರದು?

ನಾನು ಓಡಿ ಹೊರಗೆ ಬಂದರೆ ಮುದುಕಿ ಆಗಲೇ ಹಿಟ್ಟನ್ನು ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. "ಹಾಡು ಇಟ್ಕೊಂಡಿಯಲ್ಲ, ಹಿಟ್ಟು ನಾ ಒಯ್ತೇನಿ. ಹಾಡು ನಿಮ್ಮ ಸಾಹೇಬಗ ಸಾಲದಿದ್ರ ಮತ್ತ ಬರ್ತೇನಿ," ಅಂದಳು. "ಜ್ವಾಳ ಮನ್ಯಾಗ ಇನ್ನೂ ಚೀಲಗಟ್ಟಲೆ ಐತಿ."

ರಾಯರು ಅವಳ ಅರ್ಜಿಯನ್ನು ಅವತ್ತೇ ಶಿಫಾರಸು ಮಾಡಿದರು.

ಅಸ್ತಿತ್ವದ ದಾಖಲೆ

ಇದು ಸಣ್ಣದು. ಇಳಕಲ್ಲಿನ ನೇಕಾರರದೊಂದು ಭಜನಾ ಮಂಡಳಿ. ಅವರ ಅರ್ಜಿಗೆ ಮೇಲಿನ ಕಚೇರಿ ಒಂದು ಆಕ್ಷೇಪಣೆ ಹಾಕಿತ್ತು: "ಸದರಿ ಮಂಡಳಿ ಅಸ್ತಿತ್ವದಲ್ಲಿದೆ ಎಂಬುದಕ್ಕೆ ದಾಖಲೆ ಇಲ್ಲ."

ಇದನ್ನು ಅವರಿಗೆ ತಿಳಿಸುವ ಕೆಲಸ ನನ್ನದು. ತಿಳಿಸಿದೆ. ಮಗ್ಗ ಬಿಟ್ಟು ಅಷ್ಟೂ ಮಂದಿ ಮುಂಜಾನೆಯ ಬಸ್ಸಿಗೆ ಬಂದರು.

"ನಾವು ಇಲ್ಲ ಅಂತ ಬರದಾರಂತ ಹೌದೇನ್ರಿ?" ಅಂತ ಅವರ ಹಿರಿಯ ಕೇಳಿದ.

"ಇಲ್ಲ ಅಂತಲ್ಲರೀ, ಇದ್ದೀರಿ ಅನ್ನಲಿಕ್ಕೆ ದಾಖಲೆ..."

"ಆತು ಬಿಡ್ರಿ." ಹಿರಿಯ ಪಡಸಾಲೆಯಲ್ಲಿ ಕಂಬಳಿ ಹಾಸಿದ. ತಾಳ ಬಂತು, ದಮ್ಮಡಿ ಬಂತು, ಏಕತಾರಿ ಬಂತು. ಭಜನೆ ಸುರುವಾಯಿತು.

ಮೊದಲಿಗೆ ಚೆನ್ನಾಗಿಯೇ ಇತ್ತು. ಸಿಪಾಯಿ ಚಪ್ಪಾಳೆಯನ್ನೂ ತಟ್ಟಿದ. ಊಟದ ಹೊತ್ತಿಗೆ ಅವರಲ್ಲಿ ಅರ್ಧ ಮಂದಿ ಎದ್ದು ಬುತ್ತಿ ಬಿಚ್ಚಿದರು, ಇನ್ನರ್ಧ ಮಂದಿ ಹಾಡಿದರು. ಆಮೇಲೆ ಪಾಳಿ ಬದಲಾಯಿತು. ಮಗ್ಗದ ಮಂದಿ, ಅವರಿಗೆ ದಣಿವು ಅನ್ನುವುದೇ ಗೊತ್ತಿಲ್ಲ. ಇತ್ತ ಮೇಲಿನ ಕಚೇರಿಯಿಂದ ಫೋನು. ಸಾಹೇಬರು ಒಂದು ಕಿವಿಗೆ ಬೆರಳು ಹಾಕಿಕೊಂಡು, ಇನ್ನೊಂದಕ್ಕೆ ಫೋನು ಒತ್ತಿ, "ಇಲ್ಲ ಸಾರ್, ಹಬ್ಬ ಅಲ್ಲ ಸಾರ್. ಯಾರೂ ತೀರಿಕೊಂಡಿಲ್ಲ ಸಾರ್. ಪರಿಶೀಲನೆ ಸಾರ್," ಅಂತ ಒದರುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಚಿಂತಿಸುತ್ತಿದ್ದೆ, ಈ ಕಂಬಳಿಯ ಮಂದಿಯನ್ನು ಬಸ್ಸು ಹತ್ತಿಸಿ ಕರೆತಂದವನು ನಾನೇ ಅಂತಾಗುತ್ತದಲ್ಲ ಅಂತ.

ಸಾಹೇಬರು ಫೋನು ಇಟ್ಟರು. ಮೈಸೂರಿನ ಮೃದು ದನಿ ಎಲ್ಲಿ ಹೋಗಿತ್ತೋ ಏನೋ. "ಬರಕೊಳ್ರೀ! ಸದರಿ ಮಂಡಳಿ ಅಸ್ತಿತ್ವದಲ್ಲಿ ಇದೆ. ನಾನು ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ, ಇನ್ನೂ ಕೇಳುತ್ತಿದ್ದೇನೆ."

ಆ ಕಾಗದ ನೋಡಿ ಮೇಲಿನವರು ಒಪ್ಪಿದರು. ಸುದ್ದಿ ಸುತ್ತಲಿನ ಹಳ್ಳಿಗೆ ಹಬ್ಬಿತು. ಮುಂದಿನ ವಾರ ಡೊಳ್ಳಿನ ಮೇಳದವರು ಕಚೇರಿಯ ಅಂಗಳಕ್ಕೆ ಬಂದು ಡೊಳ್ಳು ಇಳಿಸುತ್ತಿದ್ದಂತೆ ಸಾಹೇಬರು ಕಿಟಕಿಯೊಳಗಿಂದಲೇ ಕೈಮುಗಿದು ಕೂಗಿದರು, "ಇದ್ದೀರಿ! ಇದ್ದೀರಿ! ನೀವು ಖಂಡಿತವಾಗಿಯೂ ಇದ್ದೀರಿ!"

ರಾಣಿಯ ಯಜಮಾನರು

ಇದನ್ನು ಹೇಳಬಾರದು ಅಂತಲೇ ಇಷ್ಟು ವರ್ಷ ಸುಮ್ಮನಿದ್ದೆ. ಈಗ ಪೆನ್ಶನ್ನು ಯಾರೂ ಕಸಿಯುವುದಿಲ್ಲ ಅಂತ ನನ್ನ ಮಗ, ಅವನು ವಕೀಲ, ಧೈರ್ಯ ಕೊಟ್ಟಿದ್ದಾನೆ.

ಗುಡೂರಿನ ಮಾಸ್ತರ ಮತ್ತೊಮ್ಮೆ ಅರ್ಜಿ ಹಾಕಿದ್ದ, ಈ ಸಲ ಕಿರೀಟ ಅಂತ ಸ್ಪಷ್ಟವಾಗಿ ಬರೆದು. ಮೇಲಿನಿಂದ ಎರಡು ಶರತ್ತು ಬಂದವು. ಆಟದಲ್ಲಿ ಸರಕಾರದ ಯೋಜನೆಯ ವಿಷಯ ಬರಬೇಕು, ಅಂದರೆ ಗೊಬ್ಬರದ ಗುಂಡಿ, ರೋಗ ಬಾರದಂತೆ ಹಾಕಿಸುವ ಸೂಜಿ, ಹೀಗೆ. ಮತ್ತು ಜಿಲ್ಲೆಯ ದೊಡ್ಡ ಸಾಹೇಬರು ಸ್ವತಃ ಬಂದು ಆಟ ನೋಡಬೇಕು.

ಆಟದ ಕಥೆ ಸರಳ. ರಾಣಿ ಸಿಟ್ಟಾಗಿದ್ದಾಳೆ, ರಾಜ ರಮಿಸುತ್ತಾನೆ. ನಾನೂ ಮಾಸ್ತರನೂ ಕೂತು ಹೊಸ ಮಾತು ಸೇರಿಸಿದೆವು. ರಾಜ "ಮುತ್ತಿನ ಹಾರ ಬೇಕೇನ ರಾಣಿ?" ಅನ್ನುತ್ತಾನೆ. ರಾಣಿ "ಹಾರ ಬ್ಯಾಡ ದೊರಿ, ಅರಮನಿ ಹಿಂದ ತಿಪ್ಪಿ ನಾರತೈತಿ, ಗುಂಡಿ ತೋಡಸು. ನೀ ಸೂಜಿ ಹಾಕಿಸ್ಕೊಳ್ಳೂ ತನಕಾ ನಾ ಮಾತಾಡೂದಿಲ್ಲ," ಅನ್ನುತ್ತಾಳೆ. ಸಾಹೇಬರು ಹೇಳಿದ ತಿದ್ದುಪಡಿಗೊಮ್ಮೆ ಅಷ್ಟೂ ಮಾತನ್ನು ಹೊಸದಾಗಿ ಬರೆದೂ ಬರೆದೂ ನನಗೆ ಕನಸಿನಲ್ಲೂ ರಾಣಿಯ ಮಾತೇ ಬರುತ್ತಿದ್ದವು.

ದೊಡ್ಡ ಸಾಹೇಬರು ಇಳಕಲ್ಲಿಗೆ ಹೋಗಿ ಅಲ್ಲಿಂದ ಗುಡೂರಿಗೆ ಬಂದು, ಕತ್ತಲಾಗುವುದರೊಳಗೆ ಬಾಗಲಕೋಟೆಯ ಬಂಗಲೆ ಮುಟ್ಟಬೇಕಂತೆ. ಆದ್ದರಿಂದ ಆಟ ಮಟಮಟ ಮಧ್ಯಾಹ್ನ. ವ್ಯವಸ್ಥೆ ನೋಡಲು ನನ್ನನ್ನು ಮುಂಜಾನೆಯೇ ಕಳಿಸಿದರು. ಹೋಗಿ ನೋಡಿದರೆ ಚಪ್ಪರ ಇದೆ, ಕುರ್ಚಿ ಇದೆ, ಮಂದಿ ಇದ್ದಾರೆ. ರಾಣಿ ಇಲ್ಲ.

"ಜ್ವರ ಬಂದು ಮಕ್ಕೊಂಡಾನ್ರಿ," ಅಂದ ಮಾಸ್ತರ. "ಆಟದಾಗ ಸೂಜಿ ಹಾಕಿಸ್ಕೋರಿ ಅಂತೀರಿ, ಮೊದಲ ನೀವು ಹಾಕಿಸ್ಕೋರಿ ಅಂತ ನಿನ್ನೆ ನರ್ಸಬಾಯಿ ಬಂದು ಎಲ್ಲಾರಿಗೂ ಚುಚ್ಚಿ ಹ್ವಾದಳು. ನಮಗ ತಡೀತು, ರಾಣಿಗಿ ತಡೀಲಿಲ್ಲ."

"ಬ್ಯಾರೆ ಯಾರರ?"

"ಹಾಡು ಬೇಕಾದವರಿಗಿ ಬರ್ತಾವ. ಹಿಂದಿಂದ ಮ್ಯಾಳದವರು ಹಾಡ್ತಾರ. ಈ ತಿಪ್ಪಿ ಗುಂಡಿ ಮಾತು ಯಾರಿಗಿ ಬರ್ತಾವ್ರಿ?" ಮಾಸ್ತರ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಬಡಕಲು ಮೈ, ಮೀಸೆ ಇಲ್ಲ, ಹೆದರಿದಾಗ ಕೀರಲಾಗುವ ದನಿ. "ನಿಮಗ ಬರ್ತಾವ."

ಸರಕಾರಿ ನೌಕರ ಅನುಮತಿ ಇಲ್ಲದೆ ವೇಷ ಹಾಕಿದರೆ ನೌಕರಿ ಹೋಗುತ್ತದೆ ಅಂದೆ. ಆಟ ನಿಂತರೂ ಹೋಗುತ್ತದಲ್ಲ ಅಂದ. ಯೋಚಿಸಿದರೆ ಎರಡೂ ಖರೆ. ದೂರದಲ್ಲಿ ಜೀಪಿನ ಧೂಳು ಕಂಡಿತು. ಅಷ್ಟರಲ್ಲಿ ಯಾರೋ ನನ್ನ ಕನ್ನಡಕ ಕಿತ್ತುಕೊಂಡಿದ್ದರು, ಯಾರೋ ಮುಖಕ್ಕೆ ಬಣ್ಣ ಮೆತ್ತುತ್ತಿದ್ದರು, ಯಾರೋ ನಿರಿಗೆ ಹಿಡಿಯುತ್ತಿದ್ದರು.

ಕನ್ನಡಕ ಇಲ್ಲದಿದ್ದರೆ ನನಗೆ ಮನುಷ್ಯರು ಮೋಡದ ಹಾಗೆ ಕಾಣುತ್ತಾರೆ. ರಂಗದ ಮೇಲೆ ಹೋಗಿ, ಎತ್ತರವಾಗಿ ಕಂಡವನೇ ರಾಜ ಅಂತ ತಿಳಿದು, ಅವನಿಗೆ ಬೆನ್ನು ತಿರುಗಿಸಿ ಸಿಟ್ಟು ಮಾಡಿದೆ. ಅವನು ಹಾರ್ಮೋನಿಯಂ ಪೇಟಿ ಬಾರಿಸುವವನು. ನಿಜವಾದ ರಾಜ, ಅಂದರೆ ಮಾಸ್ತರ, ಬಿಸಿಲಿನಲ್ಲಿ ಸುತ್ತು ಹಾಕಿ ನನ್ನ ಮುಂದೆ ಬಂದ. ಅವನ ಮೀಸೆಯ ಕಪ್ಪು ಕರಗಿ ಗದ್ದಕ್ಕೆ ಇಳಿದಿತ್ತು. ಮಂದಿ ನಕ್ಕರು. ಮುಂದಿನ ಸಾಲಿನಲ್ಲಿ ರಾಯರ ಪಕ್ಕಕ್ಕೆ ಕೂತಿದ್ದ ನಮ್ಮ ಸಾಹೇಬರ ದನಿ ಕೇಳಿತು. "ನಮ್ಮ ಕಾರಕೂನ ಎಲ್ಲಿ? ಬೆಳಿಗ್ಗೆಯಿಂದ ಕಾಣಿಸ್ತಾನೇ ಇಲ್ಲ!"

ಅಷ್ಟು ಸಾಕಾಯಿತು. ಕಲಿತ ಮಾತೆಲ್ಲ ಹಾರಿಹೋದವು. ರಾಜ ಕೇಳಿದ, "ಹೇಳ ರಾಣಿ, ನಿನ್ನ ಮನಸಿನಾಗ ಏನೈತಿ?" ನನ್ನ ಬಾಯಿಗೆ ಬಂದದ್ದು ದಿನಾ ಬರೆಯುವ ಭಾಷೆ.

"ಅರಮನೆಯ ಹಿಂಭಾಗದ ತಿಪ್ಪೆಯನ್ನು ಕೂಡಲೇ ತೆರವುಗೊಳಿಸಿ, ಸದರಿ ಸ್ಥಳದಲ್ಲಿ ಗುಂಡಿ ತೋಡಿಸಿ, ಈ ಬಗ್ಗೆ ವರದಿ ಸಲ್ಲಿಸತಕ್ಕದ್ದು!"

ಮಾಸ್ತರ ತಕ್ಷಣ ಕೈ ಕಟ್ಟಿ ಬಗ್ಗಿದ. "ಆಗಲಿ ರಾಣಿ. ಮ್ಯಾಲಿನ ಕಚೇರಿಯಿಂದ ಮಂಜೂರಿ ಬರಲಿ, ಇವತ್ತ ತೋಡಸ್ತೇನಿ!"

ಊರಿಗೆ ಊರೇ ಎದ್ದು ನಕ್ಕಿತು. ದೊಡ್ಡ ಸಾಹೇಬರಂತೂ ತೊಡೆ ತಟ್ಟಿ ತಟ್ಟಿ ನಕ್ಕರು. ನಮ್ಮ ಸಾಹೇಬರು ಮಾತ್ರ ನಗಲಿಲ್ಲ. "ಸದರಿ" ಅನ್ನುವ ಮಾತು ಕೇಳಿದ್ದೇ ಅವರಿಗೆ ರಾಣಿ ಯಾರು ಅಂತ ಗೊತ್ತಾಗಿತ್ತು. ಆಮೇಲೆ ರಾಯರು ಹೇಳಿದರು, ಸಾಹೇಬರು ಕುರ್ಚಿಯ ಕೈ ಹಿಡಿದು ಬಿಳಿಚಿ ಕೂತಿದ್ದರಂತೆ.

ಆಟ ಮುಗಿಯಿತು. ಓಡಿಹೋಗಬೇಕು ಅನ್ನುವಷ್ಟರಲ್ಲಿ ದೊಡ್ಡ ಸಾಹೇಬರು ಎದ್ದು ನಿಂತರು. ದೂರದ ಕಡೆಯವರು, ವಯಸ್ಸಾದವರು, ದಪ್ಪ ಕನ್ನಡಕ. "ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ಧೈರ್ಯವಾಗಿ ರಂಗಕ್ಕೆ ಬಂದಿದ್ದಾಳೆ! ಇದೇ ನಿಜವಾದ ಪ್ರಗತಿ. ಬಾಮ್ಮ ಇಲ್ಲಿ," ಅಂದರು. ಇಳಕಲ್ಲಿನಲ್ಲಿ ತಮ್ಮ ಮನೆಯವರಿಗೆ ಅಂತ ಕೊಂಡ ಸೀರೆಯನ್ನು ಜೀಪಿನಿಂದ ತರಿಸಿ ನನ್ನ ಕೈಗಿಟ್ಟರು. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡೆ.

"ನಿನ್ನ ಯಜಮಾನರು ಏನು ಮಾಡ್ತಾರಮ್ಮ?"

ಸುಳ್ಳು ಹೇಳುವುದಕ್ಕೂ ಸ್ವಲ್ಪ ಬುದ್ಧಿ ಬೇಕು. ಅದು ಆಗ ಎಲ್ಲೂ ಇರಲಿಲ್ಲ. "ಈ ಸಾಹೇಬ್ರ ಕಚೇರ್ಯಾಗ ಕಾರಕೂನ ಅದಾರ್ರೀ," ಅಂದೆ ಕೀರಲು ದನಿಯಲ್ಲಿ.

ದೊಡ್ಡ ಸಾಹೇಬರು ನಮ್ಮ ಸಾಹೇಬರ ಕಡೆ ತಿರುಗಿದರು. "ನಿಮ್ಮ ಕಾರಕೂನನ ಹೆಂಡತಿಯೇ? ಎಲ್ಲಿ ಅವನು? ಕರೆಯಿರಿ, ನಾನು ಅವನ ಕೈ ಕುಲುಕಬೇಕು."

ನಮ್ಮ ಸಾಹೇಬರು ರಾಯರ ಕಡೆ ತಿರುಗಿದರು. ಆಗ ರಾಯರು ಎದ್ದು ನಿಂತರು. ರೂಲು ಬಿಟ್ಟು ಒಂದು ಹೆಜ್ಜೆ ಆಚೆ ಇಡದ ಮನುಷ್ಯ. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ ಅಂತ ನಾನು ಕಣ್ಣು ಮುಚ್ಚಿದೆ.

"ಸಾಹೇಬ್ರ, ಅವ ಬರೂ ಹಂಗಿಲ್ಲರೀ," ಅಂದರು ರಾಯರು. "ಹೇಣ್ತಿ ಆಟಕ್ಕ ಬಂದಾಳಂತ ಮನ್ಯಾಗ ಕೂತು ಅಡಗಿ ಮಾಡಲಿಕ್ಹತ್ಯಾನ."

ದೊಡ್ಡ ಸಾಹೇಬರ ಕಣ್ಣು ತುಂಬಿ ಬಂತು. "ಹೆಂಡತಿಯನ್ನು ರಂಗಕ್ಕೆ ಕಳಿಸಿ ತಾನು ಅಡುಗೆ ಮಾಡುತ್ತಾನೆ! ಇಂಥವನು ಕಾಯಂ ನೌಕರ ತಾನೆ?"

"ಹಂಗಾಮಿರೀ," ಅಂದೆ ನಾನು, ಸೆರಗಿನೊಳಗಿಂದ.

ಗುಡೂರಿನವರಿಗೆ ಕಿರೀಟ ಮಂಜೂರಾಯಿತು. ಸಾಹೇಬರು ಆ ದಿನದ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ನನ್ನನ್ನು ಕಂಡಾಗ ಒಮ್ಮೊಮ್ಮೆ ಕಿಟಕಿಯ ಕಡೆ ತಿರುಗಿ ಹೆಗಲು ಅಲುಗುವಂತೆ ನಗುತ್ತಿದ್ದರು ಅಷ್ಟೇ. ಸ್ವಲ್ಪ ದಿನದಲ್ಲಿ ಒಂದು ಆದೇಶ ಬಂತು. ಪತ್ನಿಯ ಕಲೆಗೆ ಪ್ರೋತ್ಸಾಹ ನೀಡಿ, ಮನೆಯ ಅಡುಗೆಯ ಭಾರವನ್ನು ಸ್ವತಃ ಹೊತ್ತು ಮಾದರಿಯಾದುದನ್ನು ಗಮನಿಸಿ, ಸದರಿ ಕಾರಕೂನನನ್ನು ಕಾಯಂಗೊಳಿಸಲಾಗಿದೆ.

ಆದೇಶ ಹಿಡಿದು ಮನೆಗೆ ಓಡಿದೆ. ನನ್ನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸೀರೆಯ ಕಥೆ ಅವಳಿಗೆ ಮೊದಲೇ ಹೇಳಿದ್ದೆ, ಅವಳು ಅದನ್ನೇ ಉಟ್ಟಿದ್ದಳು. ಸಾಲಿ ಕಲಿತವಳು. ಕೈ ಒರೆಸಿಕೊಂಡು ಕಾಗದವನ್ನು ಎರಡು ಸಲ ಓದಿದಳು.

"ರೀ, ಅಂದ್ರ ನಿಮ್ಮ ನೌಕರಿ ಕಾಯಂ ಆಗಿದ್ದು ನನ್ನಿಂದ, ಹೌದಿಲ್ಲೋ?"

"ಹೌದು."

"ಅಡಗಿ ನೀವ ಮಾಡ್ತೀರಿ ಅಂತನೂ ಬರದಾರ?"

"ಬರದಾರ."

ಅವಳು ಎದ್ದು ನಿಂತು ಹಿಟ್ಟಿನ ಪರಾತವನ್ನು ನನ್ನ ಕಡೆ ಸರಿಸಿದಳು. "ಕೂಡ್ರಿ ಮತ್ತ. ಸರಕಾರದ ಕಾಗದ ಸುಳ್ಳಾಗಬಾರದು."